ಗ್ರಾಫೀನ್ ಸೆರಾಮಿಕ್ ಅಂದ್ರೆ ಏನು? ಬಾಟಲಿಗೆ ದುಡ್ಡು ಕೊಡೋ ಮೊದಲು ಮೂಸೆಯ ವಿಷಯ ತಿಳಿದುಕೊಳ್ಳಿ

ದಾವಣಗೆರೆ/ಹರಿಹರ: ಕಾರ್ ವಾಶ್ ಅಂಗಡಿಗೆ ಹೋದ್ರೆ ಈಗ ಬರೀ ಪಾಲಿಶ್ ಅಂತ ಹೇಳೋದಿಲ್ಲ, ‘ಗ್ರಾಫೀನ್ ಸೆರಾಮಿಕ್ ಕೋಟಿಂಗ್ ಹಾಕಿಸಿಬಿಡ್ರಿ’ ಅಂತಾರೆ. ಮೊಬೈಲ್ ತೆಗೆದರೂ ಅದೇ ಹೆಸರಿನ ಬಾಟಲಿ, ಅದೇ ಹೆಸರಿನ ಸ್ಪ್ರೇ. ಉಕ್ಕಿಗಿಂತ ನೂರು ಪಟ್ಟು ಬಲ, ಬೆಂಕಿಗೂ ಬಗ್ಗಲ್ಲ, ಗೀರು ಬೀಳಲ್ಲ ಅಂತ ಜಾಹೀರಾತು. ಬೆಲೆ ಕೆಲವು ನೂರರಿಂದ ಹಿಡಿದು ಹತ್ತಾರು ಸಾವಿರದವರೆಗೆ ಇದೆ.

ಗ್ರಾಫೀನ್ ಸೇರಿಸಿದ ಸೆರಾಮಿಕ್ ಅನ್ನೋ ವಸ್ತು ಸುಳ್ಳಲ್ಲ. ರಾಕೆಟ್, ವಿಮಾನದ ಎಂಜಿನ್, ಲೋಹ ಕತ್ತರಿಸುವ ಟೂಲ್‌ಗಳಿಗಾಗಿ ಪ್ರಪಂಚದ ಎಷ್ಟೋ ಲ್ಯಾಬ್‌ಗಳಲ್ಲಿ ಅದರ ಮೇಲೆ ಕೆಲಸ ನಡೆದಿದೆ. ಆದರೆ ಅದು ಬಾಟಲಿಯಲ್ಲಿ ಬರುವ ಪದಾರ್ಥ ಅಲ್ಲ. ಸಾವಿರದೈನೂರು ಡಿಗ್ರಿಗೂ ಮೀರಿದ ಶಾಖದಲ್ಲಿ, ಒತ್ತಡ ಹಾಕಿ ಬೇಯಿಸಿ ಮಾಡುವ ಗಟ್ಟಿ ಹೆಂಟೆ ಅದು. ಹೆಸರು ಒಂದೇ, ಸರಕು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದರೆ ಕಾರಿನವರ ದುಡ್ಡೂ ಹೋಗುತ್ತೆ, ‘ಗ್ರಾಫೀನ್ ಲೈನಿಂಗ್’ ಅಂತ ನಂಬಿ ಭಟ್ಟಿಗೆ ಹಾಕಿಸಿದವರ ದುಡ್ಡೂ ಹೋಗುತ್ತೆ.

ಹಾಗಾಗಿ ಅಸಲಿ ವಸ್ತು ಏನು, ಅದರ ಗುಣ ಏನು, ಎಲ್ಲಿ ಅದು ಸೋಲುತ್ತೆ ಅನ್ನೋದನ್ನ ನಮ್ಮೂರಿನ ಉದಾಹರಣೆಗಳಲ್ಲೇ ನೋಡೋಣ.

ಅಕ್ಕಸಾಲಿಗರ ಮೂಸೆ

ಚಿನ್ನ ಕರಗಿಸುವ ಮೂಸೆಯನ್ನ ನೋಡಿದವರಿಗೆ ಅರ್ಧ ವಿಷಯ ಆಗಲೇ ಗೊತ್ತು. ಚಿನ್ನ ಕರಗೋದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬರೀ ಜೇಡಿಮಣ್ಣಿನ ಬಟ್ಟಲನ್ನ ಅಷ್ಟು ಬಿಸಿಗೆ ಒಡ್ಡಿ, ಇಕ್ಕಳದಲ್ಲಿ ಹಿಡಿದು ತಣ್ಣನೆ ಗಾಳಿಗೆ ತಂದರೆ ಕೆಲವೇ ಸಲಕ್ಕೆ ಸೀಳು ಬಿಡುತ್ತೆ. ಅದಕ್ಕೇ ಕಪ್ಪು ಮೂಸೆಯಲ್ಲಿ ಮಣ್ಣಿನ ಜೊತೆ ಗ್ರಾಫೈಟ್ ಸೇರಿಸಿರ್ತಾರೆ. ಗ್ರಾಫೈಟ್ ಅಂದ್ರೆ ಪೆನ್ಸಿಲ್ ಕಡ್ಡಿಯಲ್ಲಿರೋ ಕಪ್ಪು ಪದಾರ್ಥ, ಇದ್ದಿಲಿನ ವಂಶದ್ದೇ, ಅಂದರೆ ಇಂಗಾಲ. (ಪೆನ್ಸಿಲ್ ಕಡ್ಡಿಯೂ ಗ್ರಾಫೈಟ್ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದೇ. ಅಲ್ಲಿಗೆ ಪ್ರತಿ ಶಾಲಾ ಬ್ಯಾಗಿನಲ್ಲೂ ಒಂದು ಇಂಗಾಲ-ಸೆರಾಮಿಕ್ ತುಂಡು ಇದೆ ಅಂತಾಯ್ತು.)

ಗ್ರಾಫೈಟ್ ಸೇರಿದರೆ ಶಾಖ ಒಂದೇ ಕಡೆ ನಿಲ್ಲದೆ ಮೂಸೆಯ ತುಂಬ ಬೇಗ ಹರಡುತ್ತೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಅನ್ನೋ ಎಳೆದಾಟ ಕಮ್ಮಿ ಆಗುತ್ತೆ. ಕರಗಿದ ಲೋಹ ಗೋಡೆಗೆ ಅಂಟೋದಿಲ್ಲ. ಬಿರುಕು ಹುಟ್ಟಿದರೂ ನೇರವಾಗಿ ಓಡೋಕೆ ಆಗೋದಿಲ್ಲ. ಗ್ರಾಫೀನ್ ಸೆರಾಮಿಕ್‌ನ ಹಿಂದಿರೋ ಯೋಚನೆಯೂ ಇದೇ. ಗ್ರಾಫೈಟ್ ಬದಲು ಅದರ ಅತ್ಯಂತ ತೆಳುವಾದ ಪದರವನ್ನ ಬಳಸ್ತಾರೆ.

ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ. ದಾವಣಗೆರೆ 1997ಕ್ಕೆ ಮೊದಲು ಸೇರಿದ್ದ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಳೇ ಕಾಲದ ಮೂಸೆಯ ಚೂರುಗಳು ಸಿಕ್ಕಿವೆ. ಹೊರಗಿನವರು ‘ವೂಟ್ಜ್’ ಅಂತ ಕರೆದ, ನಮ್ಮ ‘ಉಕ್ಕು’ ಪದದಿಂದಲೇ ಆ ಹೆಸರು ಬಂತು ಅಂತ ಅನೇಕರು ಹೇಳುವ ಉಕ್ಕನ್ನ ಮಾಡ್ತಿದ್ದ ಜಾಗ ಅದು. ಭೂವಿಜ್ಞಾನಿ ಹಾಗೂ ಕನ್ನಡದ ವಿಜ್ಞಾನ ಲೇಖಕ ಟಿ.ಆರ್. ಅನಂತರಾಮು, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರಾಡಕ್ ಮತ್ತಿತರರು ಸೇರಿ 1999ರಲ್ಲಿ ಈ ಜಾಗದ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟಿಸಿದರು.

ಆ ಮೂಸೆಗಳ ಮಣ್ಣಿಗೆ ಕಲಸ್ತಿದ್ದದ್ದು ಭತ್ತದ ಹೊಟ್ಟು. ಬಾಯಿ ಮುಚ್ಚಿದ ಮೂಸೆ, ಸುತ್ತ ಇದ್ದಿಲು. ಗಾಳಿ ಸಾಕಾಗದೆ ಹೊಟ್ಟು ಪೂರ್ತಿ ಸುಡದೆ ಕರಿಯಾಗಿ ಗೋಡೆಯೊಳಗೇ ಉಳೀತಿತ್ತು. ಹೊಟ್ಟಿನಲ್ಲಿ ಇಂಗಾಲವೂ ಇದೆ, ಮರಳಿನ ಮೂಲವಸ್ತು ಸಿಲಿಕಾ ಕೂಡ ಇದೆ. ದಖನ್ನಿನ ಇಂಥ ಉಕ್ಕಿನ ಮೂಸೆಗಳನ್ನ 1990ರ ದಶಕದ ಶುರುವಿನಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೋಡೆಯ ತುಂಬ ಮುಲೈಟ್ ಅನ್ನೋ ಖನಿಜದ ನಾರುಗಳು ಹೆಣೆದುಕೊಂಡಿದ್ದವು. ‘ನಾರಿನಿಂದ ಬಲಪಡಿಸಿದ ಸೆರಾಮಿಕ್ ಕಾಂಪೊಸಿಟ್’ ಅಂತಲೇ ಅವರು ಅದನ್ನ ಕರೆದರು. ಯಾವ ಲ್ಯಾಬೂ ಇಲ್ಲದ ಕಾಲದ ಕೆಲಸ ಇದು.

ಗಡಸು ಇದ್ದರೆ ಸಾಲದು

ಸೆರಾಮಿಕ್ ಅಂದ್ರೆ ಕಪ್ಪು ಸಾಸರು ಮಾತ್ರ ಅಲ್ಲ. ನೆಲದ ಟೈಲ್ಸ್, ಕರೆಂಟ್ ಕಂಬದ ಬಿಳಿ ಇನ್ಸುಲೇಟರ್, ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ, ಬಾಯ್ಲರ್ ಒಳಗಿನ ಫೈರ್ ಬ್ರಿಕ್ ಎಲ್ಲವೂ ಸೆರಾಮಿಕ್ಕೇ. ಶಾಖ ತಡೆಯೋದರಲ್ಲಿ ಇವನ್ನ ಮೀರಿಸಿದವರಿಲ್ಲ. ಕಬ್ಬಿಣ 1538 ಡಿಗ್ರಿಗೆ ನೀರಾಗುತ್ತೆ, ಅಲ್ಯೂಮಿನಾ 2072 ಡಿಗ್ರಿವರೆಗೆ ನಿಲ್ಲುತ್ತೆ, ಜಿರ್ಕೋನಿಯಾ 2700 ದಾಟುತ್ತೆ.

ತೊಂದರೆ ಇರೋದು ಬೇರೆ ಕಡೆ. ಕಬ್ಬಿಣದ ಸರಳಿಗೆ ಸುತ್ತಿಗೆ ಏಟು ಹಾಕಿದರೆ ಬಗ್ಗುತ್ತೆ. ಟೈಲ್ಸ್‌ಗೆ ಹಾಕಿದರೆ ಒಡೆಯುತ್ತೆ. ಲೋಹದಲ್ಲಿ ಬಿರುಕಿನ ತುದಿ ಸ್ವಲ್ಪ ಬಗ್ಗಿ ಮೊಂಡಾಗುತ್ತೆ, ಅಲ್ಲೇ ಏಟಿನ ಶಕ್ತಿ ಖರ್ಚಾಗುತ್ತೆ. ಸೆರಾಮಿಕ್‌ನಲ್ಲಿ ಬಗ್ಗೋ ಗುಣ ಇಲ್ಲ, ಬಿರುಕು ಕೂದಲಷ್ಟು ಚಿಕ್ಕದಾಗಿ ಶುರುವಾಗಿ ಕಣ್ಣು ಮಿಟುಕಿಸೋದರೊಳಗೆ ಆಚೆ ಬದಿ ಸೇರಿರುತ್ತೆ. ಗಡಸು ಬೇರೆ, ಬಿರುಕು ತಾಳೋ ಶಕ್ತಿ ಬೇರೆ. ಜಾಹೀರಾತಿನವರು ಬೇಕಂತಲೇ ಈ ಎರಡನ್ನ ಕಲಸಿ ಮಾತಾಡ್ತಾರೆ.

ಎಂಜಿನಿಯರುಗಳ ಬಳಿ ಬಿರುಕು ತಾಳೋ ಶಕ್ತಿಗೆ ಒಂದು ಅಳತೆ ಇದೆ. ಆ ಅಳತೆಯಲ್ಲಿ ಕಿಟಕಿ ಗಾಜಿಗೆ ಒಂದಕ್ಕಿಂತ ಕಡಿಮೆ, ಅಲ್ಯೂಮಿನಾಗೆ 3ರಿಂದ 4, ಸಾಧಾರಣ ಉಕ್ಕಿಗೆ 50ಕ್ಕೂ ಮೇಲೆ. ಸೆರಾಮಿಕ್‌ನ ಬಡತನ ಎಷ್ಟು ಅಂತ ಇದರಲ್ಲೇ ಗೊತ್ತಾಗುತ್ತೆ.

ಹಳ್ಳಿ ಮನೆಯ ಮಣ್ಣಿನ ಗೋಡೆಗೆ ಹುಲ್ಲು, ಹೊಟ್ಟು ಯಾಕೆ ಕಲಸ್ತಿದ್ರು? ಒಣಗುವಾಗ ಬಿರುಕು ಬಿಟ್ಟರೂ ಹುಲ್ಲಿನ ಎಳೆ ಎರಡೂ ಬದಿಯನ್ನ ಹಿಡಿದುಕೊಂಡಿರಲಿ ಅಂತ. ಬಿರುಕು ಅಗಲ ಆಗಬೇಕಾದ್ರೆ ಎಳೆಯನ್ನ ಕಿತ್ತುಕೊಂಡೇ ಹೋಗಬೇಕು. ಗ್ರಾಫೀನ್ ಸೆರಾಮಿಕ್ ಒಳಗೆ ಮಾಡೋ ಕೆಲಸ ಹೆಚ್ಚುಕಡಿಮೆ ಅಷ್ಟೆ.

ಟೇಪಿನಲ್ಲಿ ಸಿಕ್ಕ ಹಾಳೆ

ಗ್ರಾಫೈಟ್ ಅಂದ್ರೆ ಇಂಗಾಲದ ಹಾಳೆಗಳ ಕಟ್ಟು. ರೊಟ್ಟಿ ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ. ಹಾಳೆಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಪೆನ್ಸಿಲ್ ಉಜ್ಜಿದರೆ ಕಾಗದದ ಮೇಲೆ ಉದುರುತ್ತೆ. ಹಾಳೆಯ ಒಳಗಿನ ಹಿಡಿತ ಮಾತ್ರ ಭಾರಿ ಬಿಗಿ. ಆ ಕಟ್ಟಿನಿಂದ ಒಂದೇ ಒಂದು ಹಾಳೆ ತೆಗೆದರೆ ಅದೇ ಗ್ರಾಫೀನ್, ಒಂದು ಪರಮಾಣುವಿನಷ್ಟೇ ದಪ್ಪ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರು ಅಂಗಡಿಯಲ್ಲಿ ಸಿಗೋ ಅಂಟು ಟೇಪನ್ನ ಗ್ರಾಫೈಟ್‌ಗೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಕಿತ್ತು ಈ ಹಾಳೆಯನ್ನ ಬೇರ್ಪಡಿಸಿದರು. 2010ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು.

2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಳೆದಾಗ ಈ ಹಾಳೆಯ ಬಲ 130 ಗಿಗಾಪ್ಯಾಸ್ಕಲ್ ಬಂತು. ‘ಉಕ್ಕಿಗಿಂತ ನೂರು ಪಟ್ಟು’ ಅನ್ನೋ ಮಾತು ಹಬ್ಬಿದ್ದು ಇಂಥ ಅಳತೆಗಳಿಂದ. ಮಾತು ನಿಜ, ಆದರೆ ಅದು ಒಂದೂ ದೋಷ ಇಲ್ಲದ ಒಂದೇ ಹಾಳೆಗೆ ಅನ್ವಯಿಸೋದು. ಅದನ್ನ ಯಾವುದಕ್ಕಾದರೂ ಬೆರೆಸಿದ ಮಾತ್ರಕ್ಕೆ ಬೆರೆಸಿದ ವಸ್ತು ನೂರು ಪಟ್ಟು ಗಟ್ಟಿಯಾಗಲ್ಲ. ಶಾಖ ಸಾಗಿಸೋದರಲ್ಲೂ ಈ ಹಾಳೆ ತಾಮ್ರವನ್ನ ಎಷ್ಟೋ ಪಟ್ಟು ಹಿಂದೆ ಹಾಕುತ್ತೆ.

ಒಂದೂವರೆ ಪಾಲಿನ ಮಹಿಮೆ

ಸೆರಾಮಿಕ್‌ಗೆ ಗ್ರಾಫೀನ್ ಸೇರಿಸಿದವರ ಪೈಕಿ ಹೆಚ್ಚು ಹೆಸರು ಮಾಡಿದ್ದು 2011ರ ಒಂದು ಪ್ರಯೋಗ. ಅರಿಜೋನಾ ವಿಶ್ವವಿದ್ಯಾಲಯದ ಎರಿಕಾ ಕೊರಲ್ ಅವರ ತಂಡ ಸಿಲಿಕಾನ್ ನೈಟ್ರೈಡ್ ಅನ್ನೋ ಸೆರಾಮಿಕ್ ಪುಡಿಗೆ ಗ್ರಾಫೀನ್ ಬೆರೆಸಿ 1650 ಡಿಗ್ರಿಯಲ್ಲಿ ಬೇಯಿಸಿತು. ಗಾತ್ರದಲ್ಲಿ ಶೇ 1.5ರಷ್ಟು ಗ್ರಾಫೀನ್ ಇದ್ದ ತುಂಡಿನಲ್ಲಿ ಬಿರುಕು ತಾಳೋ ಶಕ್ತಿ 2.8ರಿಂದ 6.6ಕ್ಕೆ ಏರಿತು. ಹಾಳೆಗಳು ಸೆರಾಮಿಕ್ ಕಾಳುಗಳನ್ನ ಸುತ್ತಿಕೊಂಡು ಗೋಡೆ ಕಟ್ಟಿದ್ದವು. ಬಿರುಕು ಬಂದು ಆ ಗೋಡೆಗೆ ಡಿಕ್ಕಿ ಹೊಡೆದು, ದಾರಿ ಸಿಗದೆ ಅಕ್ಕಪಕ್ಕ, ಮೇಲೆ ಕೆಳಗೆ ತಿರುಗಿ ಸುಸ್ತಾಗಿ ನಿಂತಿತ್ತು.

ಈ ಪ್ರಯೋಗವನ್ನ ಬಹಳ ಕಡೆ ‘235 ಪರ್ಸೆಂಟ್ ಹೆಚ್ಚಳ’ ಅಂತ ಬರೀತಾರೆ. ಅಂಗಡಿ ಲೆಕ್ಕ ಬಲ್ಲವರು ಒಮ್ಮೆ ಕೂಡಿ ಕಳೆದು ನೋಡಲಿ. 2.8 ಇದ್ದದ್ದು 6.6 ಆದರೆ 2.35 ಪಟ್ಟು ಆಯ್ತು, ಹೆಚ್ಚಾದದ್ದು ಶೇ 136ರಷ್ಟು. ಅದೂ ದೊಡ್ಡ ಸಾಧನೆಯೇ, ಆದರೆ ಇಂಥ ಲೆಕ್ಕದ ಜಾರುಬಂಡೆಯಲ್ಲೇ ಜಾಹೀರಾತುಗಳು ಹುಟ್ಟೋದು. ಇನ್ನೊಂದು ಮಾತು, 6.6 ಅಂದರೂ ಅದು ಉಕ್ಕಿನ ಹತ್ತಿರ ಕೂಡ ಸುಳಿಯಲ್ಲ. ಬೇರೆ ಸೆರಾಮಿಕ್‌ಗಳಲ್ಲಿ ಇಷ್ಟು ಲಾಭ ಸಿಗೋದು ಅಪರೂಪ. ಅಲ್ಯೂಮಿನಾದಲ್ಲಿ ಅರ್ಧದಷ್ಟು ಹೆಚ್ಚಿದರೂ ಒಳ್ಳೆ ಫಲ ಅಂತಲೇ ಲೆಕ್ಕ.

ಒಂದೂವರೆ ಪಾಲಿಗೆ ಇಷ್ಟು ಅಂದ್ರೆ ಹತ್ತು ಪಾಲು ಹಾಕಿದರೆ? ಅಲ್ಲೇ ಕೆಲಸ ಕೆಡೋದು. ಗ್ರಾಫೀನ್ ಹಾಳೆಗಳಿಗೆ ಒಂದಕ್ಕೊಂದು ಅಂಟಿಕೊಳ್ಳೋ ಚಾಳಿ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟ ಮಂಡಕ್ಕಿ ಹಾಗೆ ಗಂಟು ಕಟ್ಟುತ್ತವೆ. ಗಂಟು ಇರೋ ಜಾಗದಲ್ಲಿ ಸೆರಾಮಿಕ್ ಸರಿಯಾಗಿ ಬೇಯಲ್ಲ, ಪೊಳ್ಳು ಉಳಿಯುತ್ತೆ, ಬಿರುಕು ಅಲ್ಲಿಂದಲೇ ಶುರು. ಹಾಗಾಗಿ ಸಾಮಾನ್ಯವಾಗಿ ಕೆಲವೇ ಪರ್ಸೆಂಟ್ ಒಳಗೆ ನಿಲ್ಲಿಸ್ತಾರೆ. ಗಂಟಿಲ್ಲದೆ ಸಮನಾಗಿ ಬೆರೆಸೋದೇ ಈ ವಿದ್ಯೆಯ ಕಷ್ಟದ ಭಾಗ.

ಬೇಯಿಸೋದೂ ಸುಲಭ ಅಲ್ಲ. ಇಟ್ಟಿಗೆ ಗೂಡಿನ ಹಾಗೆ ದಿನಗಟ್ಟಲೆ ಸುಟ್ಟರೆ ಗ್ರಾಫೀನ್ ಹಾಳಾಗುತ್ತೆ. ಅದಕ್ಕೆ ಗ್ರಾಫೈಟ್ ಅಚ್ಚಿನಲ್ಲಿ ಪುಡಿ ತುಂಬಿ, ಮೇಲೆ ಕೆಳಗೆ ಒತ್ತಿ ಹಿಡಿದು, ಭಾರಿ ಕರೆಂಟನ್ನ ಬಿಟ್ಟು ಬಿಟ್ಟು ಹಾಯಿಸಿ ಕೆಲವೇ ನಿಮಿಷದಲ್ಲಿ ಬೇಯಿಸುವ ಯಂತ್ರ ಬಳಸ್ತಾರೆ. ದುಬಾರಿ ಯಂತ್ರ. ಅದರಲ್ಲಿ ಮಾಡೋ ತುಂಡುಗಳೂ ಸಾಮಾನ್ಯವಾಗಿ ಚಿಕ್ಕ ಬಿಲ್ಲೆಗಳೇ. ಹೀಗೆ ಒತ್ತಿದಾಗ ಹಾಳೆಗಳೆಲ್ಲ ಮಲಗಿಬಿಡುತ್ತವೆ. ಆಗ ಬಿಲ್ಲೆಯ ಉದ್ದಗಲಕ್ಕೆ ಶಾಖ ಸಲೀಸಾಗಿ ಹರಿಯುತ್ತೆ, ದಪ್ಪದ ದಿಕ್ಕಿಗೆ ಅಷ್ಟು ಹರಿಯಲ್ಲ. ಇದು ದೋಷವೂ ಹೌದು, ಶಾಖವನ್ನ ಒಂದು ಕಡೆಗೆ ತಿರುಗಿಸಬೇಕು ಅನ್ನೋರಿಗೆ ಅನುಕೂಲವೂ ಹೌದು.

ಗಾಳಿ ಸಿಕ್ಕರೆ ಸುಟ್ಟು ಹೋಗುತ್ತೆ

ಇಷ್ಟೆಲ್ಲ ಹೊಗಳಿಕೆ ಆದ ಮೇಲೆ ಯಾವ ಜಾಹೀರಾತೂ ಹೇಳದ ವಿಷಯ. ಗ್ರಾಫೀನ್ ಇಂಗಾಲ. ಇಂಗಾಲ ಅಂದ್ರೆ ಇದ್ದಿಲು. ಬಿಸಿ ಗಾಳಿಯಲ್ಲಿಟ್ಟರೆ ಇದ್ದಿಲು ಏನಾಗುತ್ತೋ ಇದೂ ಅದೇ ಆಗುತ್ತೆ, ಉರಿದು ಗಾಳಿಯಾಗಿ ಹೋಗುತ್ತೆ. ಬರೀ ಗ್ರಾಫೀನ್ ಆದರೆ ಸುಮಾರು 500-600 ಡಿಗ್ರಿಯಲ್ಲೇ ಸುಡೋಕೆ ಶುರು. ಗಾಳಿ ಇಲ್ಲದ ಕಡೆ, ಅಥವಾ ಆರ್ಗಾನ್‌ನಂಥ ಅನಿಲ ತುಂಬಿದ ಕುಲುಮೆಯಲ್ಲಿ ಎರಡು ಸಾವಿರ ಡಿಗ್ರಿಗೂ ಜಗ್ಗಲ್ಲ.

ಅಕ್ಕಸಾಲಿಗರಿಗೆ ಇದು ಹೊಸ ವಿಷಯ ಅಲ್ಲ. ಬಳಸಿ ಬಳಸಿ ಕಪ್ಪು ಮೂಸೆಯ ಅಂಚು ಬಿಳಿಚಿಕೊಳ್ಳೋದು, ಪುಡಿ ಪುಡಿ ಆಗೋದು ಗ್ರಾಫೈಟ್ ಉರಿದು ಬರೀ ಮಣ್ಣು ಉಳಿದದ್ದರಿಂದ. ಅದಕ್ಕೇ ಒಳ್ಳೆ ಮೂಸೆಗೆ ಹೊರಗೆ ಗಾಜಿನಂಥ ಲೇಪ ಕೊಟ್ಟಿರ್ತಾರೆ. ತಂಡಿ ಹಿಡಿದ ಮೂಸೆಯನ್ನ ಮೊದಲು ನಿಧಾನಕ್ಕೆ ಕಾಯಿಸಿ ತೇವ ತೆಗೆಯದೆ ಬೆಂಕಿಗಿಟ್ಟರೆ ಸೀಳೋದು, ಲೇಪ ಕಿತ್ತುಹೋದರೆ ಬೇಗ ಸವೆಯೋದು ಎರಡೂ ಅವರ ಅನುಭವದ ಮಾತು.

ಉಕ್ಕಿನ ಕಾರ್ಖಾನೆಗಳಲ್ಲೂ ಇದೇ ಪಾಠ. ಕರಗಿದ ಉಕ್ಕು 1600 ಡಿಗ್ರಿ ದಾಟಿರುತ್ತೆ. ಅದನ್ನ ಹಿಡಿಯೋ ಕನ್ವರ್ಟರ್ ಒಳಗೆ ಮೆಗ್ನೀಷಿಯಾ ಮತ್ತು ಗ್ರಾಫೈಟ್ ಸೇರಿಸಿದ ಇಟ್ಟಿಗೆ ಕಟ್ಟಿರ್ತಾರೆ. ಕಿಟ್ಟ ಅಂಟಬಾರದು, ಶಾಖದ ಏರಿಳಿತಕ್ಕೆ ಸೀಳಬಾರದು ಅಂತ ಗ್ರಾಫೈಟ್. ಆ ಗ್ರಾಫೈಟ್ ಉರಿಯಬಾರದು ಅಂತ ಮತ್ತೆ ಅಲ್ಯೂಮಿನಿಯಂ, ಸಿಲಿಕಾನ್ ಪುಡಿ ಸೇರಿಸ್ತಾರೆ. ಆಮ್ಲಜನಕ ಬಂದರೆ ಮೊದಲು ಆ ಲೋಹದ ಪುಡಿ ಅದನ್ನ ನುಂಗಲಿ ಅನ್ನೋ ಲೆಕ್ಕ. ಹೆಚ್ಚು ಗ್ರಾಫೈಟ್ ಇದ್ದರೆ ಶಾಖ ಸೋರುತ್ತೆ, ಇಂಗಾಲ ಉಕ್ಕಿಗೆ ಬೆರೆಯುತ್ತೆ. ಅದಕ್ಕಾಗಿ ಗ್ರಾಫೈಟ್ ಕಡಿಮೆ ಮಾಡಿ ಚಿಟಿಕೆ ಗ್ರಾಫೀನ್ ಹಾಕಿದರೆ ಹೇಗೆ ಅಂತ ಸಂಶೋಧನೆ ನಡೀತಿದೆ. ಗ್ರಾಫೀನ್‌ಗೆ ಭಟ್ಟಿಯ ಲೋಕದಲ್ಲಿ ನಿಜವಾಗಿ ಕೆಲಸ ಸಿಗೋದಾದರೆ ಮೊದಲು ಇಲ್ಲೇ ಸಿಗಬಹುದು.

ಸೆರಾಮಿಕ್ ಒಳಗೆ ಹುದುಗಿದ ಗ್ರಾಫೀನ್‌ಗೆ ಒಂದು ರಕ್ಷಣೆ ಇದೆ. ಸುತ್ತಲೂ ಒತ್ತಾಗಿ ಬೆಂದ ಕಾಳುಗಳು ಇರೋದರಿಂದ ಗಾಳಿ ಒಳಗೆ ನುಗ್ಗಲ್ಲ, ಮೇಲ್ಮೈಯದ್ದು ಮಾತ್ರ ಉರಿಯುತ್ತೆ. ಸಿಲಿಕಾನ್ ಕಾರ್ಬೈಡ್‌ನಂಥ ಸೆರಾಮಿಕ್ ಆದರೆ ಇನ್ನೂ ಒಳ್ಳೇದು. ಸಾವಿರ ಡಿಗ್ರಿ ದಾಟಿದಾಗ ಅದರ ಮೈ ಮೇಲೆ ತಾನಾಗಿ ತೆಳು ಗಾಜಿನ ಪೊರೆ ಕಟ್ಟುತ್ತೆ, ಆ ಪೊರೆಯೇ ಬಾಗಿಲು ಮುಚ್ಚಿದ ಹಾಗೆ. ಆದರೆ ತುಂಡಿನಲ್ಲಿ ಪೊಳ್ಳಿದ್ದರೆ, ಬಿರುಕು ಬಿದ್ದರೆ ಗಾಳಿಗೆ ದಾರಿ ಸಿಕ್ಕಿತು ಅಂತಲೇ ಅರ್ಥ.

ಹಾಗಾದರೆ ನಮ್ಮ ಮಂಡಕ್ಕಿ ಭಟ್ಟಿಗೆ, ರೈಸ್ ಮಿಲ್ ಬಾಯ್ಲರಿಗೆ ಗ್ರಾಫೀನ್ ಇಟ್ಟಿಗೆ ಬೇಕಾ? ಬೇಡ. ಹೊಟ್ಟು ಉರಿಯೋ ಒಲೆಗೆ ಸದಾ ಗಾಳಿ ನುಗ್ಗಬೇಕು, ಗಾಳಿ ನುಗ್ಗೋ ಕಡೆ ಇಂಗಾಲ ನಿಲ್ಲಲ್ಲ. ಮಂಡಕ್ಕಿ ಅರಳೋದು ಸುಮಾರು 250 ಡಿಗ್ರಿ ಆಸುಪಾಸಿನ ಮರಳಿನಲ್ಲಿ. ಬೆಣ್ಣೆ ದೋಸೆ ಕಾವಲಿಗೆ ಅಷ್ಟೂ ಬೇಡ. ಕಾವಲಿಗೆ ಕಬ್ಬಿಣ, ಒಲೆಗೆ ಒಳ್ಳೆ ಫೈರ್ ಬ್ರಿಕ್, ಸರಿಯಾದ ಗಾರೆ, ಹೊಸದಾಗಿ ಕಟ್ಟಿದ ಮೇಲೆ ಅವಸರ ಮಾಡದೆ ನಿಧಾನಕ್ಕೆ ಕಾಯಿಸೋ ತಾಳ್ಮೆ, ಇಷ್ಟಿದ್ದರೆ ಆಯ್ತು. ಇದಕ್ಕೆ ಮೇಲೆ ‘ಗ್ರಾಫೀನ್ ಲೇಪ’ ಅಂತ ಯಾರಾದರೂ ಬಂದರೆ, ಎಷ್ಟು ಡಿಗ್ರಿಯಲ್ಲಿ, ಗಾಳಿಯಲ್ಲೋ ಗಾಳಿ ಇಲ್ಲದೆಯೋ ಪರೀಕ್ಷೆ ಮಾಡಿದ್ದು ಅಂತ ಕೇಳಿ. ಆ ಒಂದು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಚಾ ಕುಡಿಸಿ ಕಳಿಸಿ.

ಹರಿಹರದ ಲೇತ್‌ಗಳಿಗೆ ಏನು ಪ್ರಯೋಜನ?

ಹರಿಹರಕ್ಕೆ ಲೋಹ ಕತ್ತರಿಸೋ ವಿದ್ಯೆ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ತುಂಬ ಹೋಗಿದ್ದವು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ಮೀರಿದರೂ ಅಲ್ಲಿ ಕೈ ಪಳಗಿಸಿಕೊಂಡವರ ವಿದ್ಯೆ ಊರಲ್ಲಿ ಇನ್ನೂ ಉಳಿದಿದೆ.

ಲೇತ್ ಮೇಲೆ ಕೆಲಸ ಮಾಡೋರಿಗೆ ಕಾರ್ಬೈಡ್ ಇನ್ಸರ್ಟ್ ಗೊತ್ತು. ಕಾಸ್ಟ್ ಐರನ್ನನ್ನ ಭಾರಿ ವೇಗದಲ್ಲಿ ಕತ್ತರಿಸೋ ಕಡೆ ಅಲ್ಯೂಮಿನಾ, ಸಿಲಿಕಾನ್ ನೈಟ್ರೈಡ್‌ನ ಸೆರಾಮಿಕ್ ಇನ್ಸರ್ಟ್ ಬಳಸ್ತಾರೆ. ಕಾರ್ಬೈಡ್ ಮೆತ್ತಗಾಗೋ ಬಿಸಿಯಲ್ಲೂ ಇವು ಗಡಸಾಗಿಯೇ ಇರುತ್ತವೆ. ಆದರೆ ಜಾಬ್‌ನಲ್ಲಿ ಕೀ-ವೇ ಇದ್ದು ಟೂಲ್‌ಗೆ ಟಕ ಟಕ ಏಟು ಬಿದ್ದರೆ ಮೂತಿ ಒಡೆಯುತ್ತೆ. ಅಲ್ಯೂಮಿನಾ ಇನ್ಸರ್ಟ್ ಕಾದಿರುವಾಗ ಕೂಲೆಂಟ್ ಬಿಟ್ಟರೆ ಶಾಖದ ಪೆಟ್ಟಿಗೆ ಸೀಳೋದೂ ಉಂಟು. ಗ್ರಾಫೀನ್ ಸೇರಿಸಿದ ಇನ್ಸರ್ಟ್‌ಗಳ ಮೇಲೆ ಪ್ರಯೋಗ ನಡೀತಿರೋದು ಈ ಎರಡು ಕಾಯಿಲೆಗೆ. ಬಿರುಕು ನಿಧಾನ, ಶಾಖ ಬೇಗ ಹರಡುತ್ತೆ, ಜೊತೆಗೆ ಹಾಳೆಗಳು ಜಾರೋ ಗುಣದಿಂದ ಸವೆತವೂ ಕಡಿಮೆ.

ಇನ್ನೊಂದು ಗುಣ ವೈರ್ ಕಟ್ ಮೆಷಿನ್ ಇರೋರ ಕಿವಿ ನಿಮಿರಿಸುವಂಥದ್ದು. ಅಲ್ಯೂಮಿನಾ, ಸಿಲಿಕಾನ್ ನೈಟ್ರೈಡ್‌ಗಳಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ವೈರ್ ಕಟ್‌ನಲ್ಲಿ ಕತ್ತರಿಸೋಕೆ ಬರಲ್ಲ. ಬೆಂದ ಸೆರಾಮಿಕ್‌ಗೆ ಆಕಾರ ಕೊಡಬೇಕಾದರೆ ವಜ್ರದ ಗ್ರೈಂಡಿಂಗ್ ವೀಲೇ ಗತಿ, ಖರ್ಚಿನ ದೊಡ್ಡ ಪಾಲು ಅಲ್ಲೇ ಹೋಗೋದು. ಕೆಲವು ಪರ್ಸೆಂಟ್ ಗ್ರಾಫೀನ್ ಸೇರಿದರೆ ಹಾಳೆಗಳು ಒಂದಕ್ಕೊಂದು ತಾಗಿ ಸೆರಾಮಿಕ್‌ನಲ್ಲಿ ಕರೆಂಟ್ ಹರಿಯೋಕೆ ಶುರುವಾಗುತ್ತೆ. ಆಗ ಅದನ್ನೂ ಕಿಡಿಯಿಂದ ಕೊರೆದು ಆಕಾರ ಕೊಡಬಹುದು. ಮುಂದೆ ಇಂಥ ಬಿಲ್ಲೆಗಳು ಮಾರುಕಟ್ಟೆಗೆ ಬಂದರೆ ಸಣ್ಣ ವರ್ಕ್‌ಶಾಪ್‌ಗಳಿಗೂ ಕೆಲಸ ಸಿಗಬಹುದಾದ ಜಾಗ ಇದು.

ಚಳ್ಳಕೆರೆಯ ಆಕಾಶ, ಮಹೇಂದ್ರಗಿರಿಯ ನಳಿಕೆ

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಇಸ್ರೋ ತನ್ನ ರೆಕ್ಕೆಯ ರಾಕೆಟ್ ಮಾದರಿಯನ್ನ ಮೂರು ಸಲ ಇಳಿಸಿದ್ದು ಹಲವರಿಗೆ ನೆನಪಿರಬಹುದು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23. ಮೊದಲ ಸಲ ಚಿನೂಕ್ ಹೆಲಿಕಾಪ್ಟರ್ ಅದನ್ನ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಅಷ್ಟು ಎತ್ತರದಿಂದ ಬಂದರೆ ಮೈ ಕಾಯೋ ಪ್ರಶ್ನೆ ಇಲ್ಲ, ಅದು ಇಳಿಯೋದರ ಪರೀಕ್ಷೆ ಮಾತ್ರ. ನಿಜವಾದ ವಾಹನ ಬಾಹ್ಯಾಕಾಶದಿಂದ ವಾಪಸ್ ಬರುವಾಗ ಮೂತಿ, ರೆಕ್ಕೆಯ ಅಂಚು ಸಾವಿರಾರು ಡಿಗ್ರಿಗೆ ಕಾಯುತ್ತವೆ. ಈ ಸೆರಾಮಿಕ್‌ಗಳ ಸಂಶೋಧನೆಗೆ ದೊಡ್ಡ ಕಾರಣ ಅಂಥ ಜಾಗಗಳೇ.

ಅಲ್ಲಿ ಬಿರುಕು ಎಷ್ಟು ದುಬಾರಿ ಅನ್ನೋದಕ್ಕೆ 2003ರ ಫೆಬ್ರವರಿ 1 ಸಾಕ್ಷಿ. ಕೊಲಂಬಿಯಾ ನೌಕೆ ಮೇಲೇರುವಾಗ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಯ ಅಂಚಿಗೆ ಬಡಿದಿತ್ತು. ಆ ಅಂಚು ಸಿಲಿಕಾನ್ ಕಾರ್ಬೈಡ್ ಲೇಪದ ಇಂಗಾಲದ ಕಾಂಪೊಸಿಟ್‌ನದ್ದು. ಶಾಖಕ್ಕೆ ಜಗ್ಗದ ವಸ್ತು, ಏಟಿಗೆ ಒಡೆಯಿತು. ವಾಪಸ್ ಬರುವಾಗ ಆ ತೂತಿನಿಂದ ಬೆಂಕಿಯಂಥ ಗಾಳಿ ನುಗ್ಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನ ತೀರಿಕೊಂಡರು.

ಇಂಗಾಲಕ್ಕೆ ಲೇಪ ಕೊಟ್ಟು ಬಳಸೋ ವಿದ್ಯೆಯಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಎಂಜಿನ್ ನಳಿಕೆಗೆ ಕೊಲಂಬಿಯಂ ಮಿಶ್ರಲೋಹ ಬಳಸ್ತಿದ್ದರು. ಅದರ ಬದಲಿಗೆ ಇಸ್ರೋದ ವಿಎಸ್‌ಎಸ್‌ಸಿ ಇಂಗಾಲದ ಕಾಂಪೊಸಿಟ್ ನಳಿಕೆ ಮಾಡಿ, ಉರಿಯದಂತೆ ಸಿಲಿಕಾನ್ ಕಾರ್ಬೈಡ್ ಲೇಪ ಕೊಟ್ಟಿತು. ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 2024ರ ಏಪ್ರಿಲ್ 2ರಂದು 200 ಸೆಕೆಂಡ್ ಉರಿಸಿದಾಗ ನಳಿಕೆಯ ಬಿಸಿ 1216 ಕೆಲ್ವಿನ್, ಅಂದರೆ ಸುಮಾರು 943 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ನಳಿಕೆಯ ತೂಕ ಶೇ 67ರಷ್ಟು ಇಳಿದು, ರಾಕೆಟ್ 15 ಕೆ.ಜಿ. ಹೆಚ್ಚು ಹೊರುವಂತಾಗುತ್ತೆ ಅಂತ ಇಸ್ರೋ ತಿಳಿಸಿದೆ. ಇದು ಗ್ರಾಫೀನ್ ಅಲ್ಲ, ಇಂಗಾಲದ ನಾರು. ಆದರೆ ಕಾಯಿಲೆಯೂ ಒಂದೇ, ಮದ್ದೂ ಒಂದೇ. ಗ್ರಾಫೀನ್ ಸೆರಾಮಿಕ್ ಇನ್ನೂ ಈ ಮಟ್ಟದ ಪರೀಕ್ಷೆಗಳತ್ತ ನಡೆದು ಬರ್ತಿರೋ ಚಿಕ್ಕ ತಮ್ಮ.

ಮಿಲ್ಲಿನ ಹಿಂದೆ ಬಿದ್ದಿರೋ ಬೂದಿ

ಗಟ್ಟಿಹೊಸಹಳ್ಳಿಯವರು ಮಣ್ಣಿಗೆ ಕಲಸಿದ ಹೊಟ್ಟು ಇವತ್ತು ಭದ್ರಾ ನಾಲೆ ಬಯಲಿನ ಪ್ರತಿ ಮಿಲ್ಲಿನ ಹಿಂದೆ ರಾಶಿ ಬೀಳುತ್ತೆ. ಭತ್ತದ ತೂಕದಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರ ಸುಮಾರು ಐದರಲ್ಲಿ ಒಂದು ಪಾಲು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಾಳಿ ಇಲ್ಲದೆ ಸುಟ್ಟ ಹೊಟ್ಟಿನಲ್ಲಿ ಇಂಗಾಲ, ಸಿಲಿಕಾ ಎರಡೂ ಒತ್ತೊತ್ತಾಗಿ ಇರೋದರಿಂದ ಅದನ್ನ 1500 ಡಿಗ್ರಿ ಸುಮಾರಿಗೆ ಕಾಯಿಸಿದರೆ ಸಿಲಿಕಾನ್ ಕಾರ್ಬೈಡ್ ಆಗುತ್ತೆ. 1970ರ ದಶಕದಲ್ಲೇ ಅಮೆರಿಕದಲ್ಲಿ ಇದನ್ನ ಮಾಡಿ ತೋರಿಸಿದ್ದಾರೆ. 2014ರಲ್ಲಿ ಜಪಾನಿನ ಸಂಶೋಧಕರು ಹೊಟ್ಟಿನಿಂದ ಗ್ರಾಫೀನ್ ಕೂಡ ತೆಗೆದರು.

ಇದನ್ನ ಓದಿ ನಾಳೆಯೇ ಬೂದಿಗೆ ಬಂಗಾರದ ಬೆಲೆ ಬರುತ್ತೆ ಅಂತ ಯಾರೂ ಲೆಕ್ಕ ಹಾಕಬೇಡಿ. ಲ್ಯಾಬಿನಲ್ಲಿ ಒಂದು ಚಮಚ ಮಾಡೋದು ಬೇರೆ, ಅಷ್ಟು ಬಿಸಿಗೆ ಕರೆಂಟ್ ಸುಟ್ಟು ಟನ್ನುಗಟ್ಟಲೆ ಮಾಡಿ ಲಾಭ ಕಾಣೋದು ಬೇರೆ. ಆದರೆ ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಮಿಲ್ಲಿನ ಹೊಟ್ಟಿಗಿಂತ ಹತ್ತಿರದ, ಅಗ್ಗದ ಕಚ್ಚಾ ಮಾಲು ಬೇರೆ ಸಿಗಲಿಕ್ಕಿಲ್ಲ.

ಬಾಟಲಿಯೊಳಗೆ ಇರೋದೇನು?

ಈಗ ಮತ್ತೆ ಕಾರಿನ ವಿಷಯ. ‘ಸೆರಾಮಿಕ್ ಕೋಟಿಂಗ್’ ಅಂತ ಮಾರುವ ದ್ರವ ಸಾಮಾನ್ಯವಾಗಿ ಸಿಲಿಕಾನ್ ಮೂಲದ ರಾಳ. ಬಣ್ಣದ ಮೇಲೆ ಸವರಿದರೆ ಒಣಗಿ ಕೂದಲಿಗಿಂತ ಎಷ್ಟೋ ತೆಳುವಾದ ಪೊರೆ ಆಗುತ್ತೆ. ನೀರು ಜಾರುತ್ತೆ, ಹೊಳಪು ಬರುತ್ತೆ, ಧೂಳು ತೊಳೆಯೋದು ಸುಲಭ. ಈ ಲಾಭ ನಿಜ, ಅದಕ್ಕೆ ದುಡ್ಡು ಕೊಡೋದು ಅವರವರ ಇಷ್ಟ. ಆದರೆ ಅದು ಕುಲುಮೆಯಲ್ಲಿ ಬೆಂದ ಸೆರಾಮಿಕ್ ಅಲ್ಲ. ಕಲ್ಲು ಸಿಡಿದರೆ, ಕೀಲಿಯಿಂದ ಗೀಚಿದರೆ ತಡೆಯಲ್ಲ. ‘ಸೆರಾಮಿಕ್’ ತವಾದ ಬಿಳಿ ಲೇಪವೂ ಬಹುತೇಕ ಇಂಥ ಸಿಲಿಕಾ ಪೊರೆಯೇ.

ಗ್ರಾಫೀನ್ ಅದರಲ್ಲಿ ಎಷ್ಟಿದೆ ಅನ್ನೋದು ಮುಂದಿನ ಪ್ರಶ್ನೆ. ಅಂತಾರಾಷ್ಟ್ರೀಯ ವ್ಯಾಖ್ಯೆ ಪ್ರಕಾರ ಹತ್ತು ಪದರದೊಳಗೆ ಇದ್ದರೆ ಮಾತ್ರ ಗ್ರಾಫೀನ್ ಲೆಕ್ಕ, ಮೇಲಾದರೆ ಬರೀ ಗ್ರಾಫೈಟ್ ಪುಡಿ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಪ್ರಪಂಚದ 60 ಕಂಪನಿಗಳ ‘ಗ್ರಾಫೀನ್’ ತರಿಸಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹೆಚ್ಚಿನವುಗಳಲ್ಲಿ ಅಸಲಿ ಗ್ರಾಫೀನ್ ಶೇ 10ಕ್ಕಿಂತ ಕಡಿಮೆ, ಅರ್ಧಕ್ಕಿಂತ ಹೆಚ್ಚು ಇದ್ದದ್ದು ಒಂದೂ ಇಲ್ಲ. ಸಂಶೋಧಕರಿಗೇ ಮಾರುವ ಮಾಲಿನ ಕಥೆ ಇದಾದರೆ ಆನ್‌ಲೈನ್ ಬಾಟಲಿಯದ್ದು ಹೇಗಿರಬಹುದು ಅಂತ ಯೋಚಿಸಿ.

ಕೋಟಿಂಗ್ ಹಾಕುವ ನಮ್ಮೂರಿನ ಅಂಗಡಿಯವರನ್ನ ಇದರಲ್ಲಿ ದೂರೋದು ಸರಿಯಲ್ಲ. ಅವರಿಗೂ ಮೇಲಿನವರು ಇದೇ ಹೆಸರು ಹೇಳಿ ಮಾರಿರ್ತಾರೆ. ಗಿರಾಕಿ ಜಗಳಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳೋರು ಮಾತ್ರ ಇವರೇ. ಹಾಗಾಗಿ ಡೀಲರ್ ಹತ್ತಿರ ಮಾಲು ತರುವಾಗಲೇ ಟೆಕ್ನಿಕಲ್ ಡೇಟಾ ಶೀಟ್ ಕೇಳಿ, ಗ್ರಾಫೀನ್ ಎಷ್ಟು ಪರ್ಸೆಂಟ್ ಅಂತ ಬರೆಸಿಕೊಳ್ಳಿ. ಗಿರಾಕಿಗೆ ‘ಗೀರು ಬೀಳಲ್ಲ’ ಅಂತ ಬಾಯಿಮಾತಿನ ಗ್ಯಾರಂಟಿ ಕೊಡಬೇಡಿ.

ಗಿರಾಕಿಗಳು ಜಿಎಸ್‌ಟಿ ಬಿಲ್ ಮೇಲೆ ಉತ್ಪನ್ನದ ಪೂರ್ತಿ ಹೆಸರು, ವಾರಂಟಿ ಎಷ್ಟು ವರ್ಷ, ಯಾವುದಕ್ಕೆ ವಾರಂಟಿ ಅನ್ನೋದನ್ನ ಬರೆಸಿಕೊಳ್ಳಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಒಳ್ಳೇದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ವಿರುದ್ಧ ದೂರು ಕೊಡೋಕೆ ಅವಕಾಶ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಿಲ್, ಸ್ಕ್ರೀನ್‌ಶಾಟ್ ಸಮೇತ ಅರ್ಜಿ ಹಾಕಬಹುದು.